ಗ್ರಂಥಾಲಯದ ಪ್ರಭಾರ

ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಪ್ರವೇಶಿಸುವವರ ಕಣ್ಣಿಗೆ ಪುಸ್ತಕಗಳಿಗಿಂತ ಮೊದಲು ಬೀಳುವುದು ಅಲ್ಲಿನ ಸೂಚನಾ ಫಲಕ. ಇಂತಹ ದಿನ ಗ್ರಂಥಾಲಯಕ್ಕೆ ರಜೆ, ಪರೀಕ್ಷೆಯ ನಿಮಿತ್ತ ವಾಚನಾಲಯದ ವೇಳೆಯನ್ನು ವಿಸ್ತರಿಸಲಾಗಿದೆ, ಎರವಲು ಪಡೆದ ಗ್ರಂಥಗಳನ್ನು ಹಿಂದಿರುಗಿಸಿ ಬೇಬಾಕಿ ಪತ್ರವನ್ನು ಪಡೆಯತಕ್ಕದ್ದು ಎಂಬಂತಹ ಪ್ರಕಟಣೆಗಳು ಅಲ್ಲಿರುತ್ತವೆ. ವಿದ್ಯಾರ್ಥಿಗಳು ತಮಗೆ ಬೇಕಾದ ಸಾಲನ್ನು ಓದಿಕೊಂಡು ಒಳಗೆ ನಡೆಯುತ್ತಾರೆ. ಅದೇ ಫಲಕದ ಒಂದು ಮೂಲೆಯಲ್ಲಿ ಸಿಬ್ಬಂದಿಗೆ ಸಂಬಂಧಿಸಿದ ಒಂದೆರಡು ಸಾಲುಗಳೂ ಇರುವುದುಂಟು. ಇಂತಹವರು ಸಹಾಯಕ ಗ್ರಂಥಪಾಲರಾಗಿ ನೇಮಕಗೊಂಡಿದ್ದಾರೆ, ಇಂತಹವರಿಗೆ ವರ್ಗವಾಗಿದೆ, ಇಂತಹವರು ಈ ತಿಂಗಳ ಕಡೆಯ ದಿನ ವಯೋನಿವೃತ್ತಿ ಹೊಂದುತ್ತಿದ್ದು ಅವರ ಪ್ರಭಾರವನ್ನು ಮತ್ತೊಬ್ಬರು ವಹಿಸಿಕೊಳ್ಳತಕ್ಕದ್ದು. ಈ ಸಾಲುಗಳನ್ನು ಕಚೇರಿಯವರ ಹೊರತು ಓದುವವರು ವಿರಳ.

ಓದಬೇಕಾದ ಸಾಲುಗಳು ಅವೇ ಎಂಬುದು ಈ ಲೇಖನದ ಅಭಿಪ್ರಾಯ. ನಿವೃತ್ತರಾಗುವ ನೌಕರರು ಬೀಗದ ಕೈಗಳನ್ನು, ದಾಖಲೆ ಪುಸ್ತಕಗಳನ್ನು, ಬೀರುಗಳ ಪಟ್ಟಿಯನ್ನು ಒಂದು ಸಹಿಯೊಡನೆ ಒಪ್ಪಿಸಿ ಹೋಗಬಹುದು. ಮೂವತ್ತು ವರ್ಷಗಳ ಕಾಲ ಗ್ರಂಥಗಳ ನಡುವೆ ಓಡಾಡಿ ಪಡೆದ ತಿಳಿವಳಿಕೆಯನ್ನು ಹಾಗೆ ಒಪ್ಪಿಸಲು ಬರುವುದಿಲ್ಲ. ಅದನ್ನು ಪಡೆಯುವವರು ಪಕ್ಕದಲ್ಲಿ ಕುಳಿತು ಕಲಿತಿರಬೇಕು. ಕಲಿಯುವವರು ಬಾರದಿದ್ದರೆ ಗ್ರಂಥಗಳು ಇದ್ದ ಕಡೆಯೇ ಇದ್ದರೂ ಅವುಗಳ ದಾರಿ ಮುಚ್ಚಿಹೋಗುತ್ತದೆ. ಮೈಸೂರಿನವರಿಗೆ ಈ ಮಾತನ್ನು ಹೇಳಲು ಪರದೇಶದ ನಿದರ್ಶನಗಳನ್ನು ಅರಸಬೇಕಾಗಿಲ್ಲ. ನಮ್ಮ ಚಾಮರಾಜಪುರಂ ಬಡಾವಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಅದಕ್ಕೆ ಸಾಕ್ಷಿಯಾದ ಕಟ್ಟಡವೊಂದು ನಿಂತಿದೆ.

ಬುಲೆವಾರ್ಡ್ ರಸ್ತೆಯ ಜ್ಞಾನಭಂಡಾರ

ಚಾಮರಾಜಪುರಂ ರೈಲು ನಿಲ್ದಾಣದ ಕಡೆಯಿಂದ ಹೊರಟು, ಕಾಲೇಜುಗಳ ಆವರಣಗಳಿರುವ ಕೃಷ್ಣರಾಜ ಬುಲೆವಾರ್ಡ್ ರಸ್ತೆಯನ್ನು ಸೇರಿದರೆ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ಕಾಣಬಹುದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ಸ್ಮರಣೆಗಾಗಿ 1887ರಲ್ಲಿ ನಿರ್ಮಾಣಗೊಂಡ ಜ್ಯೂಬಿಲಿ ಭವನವೇ ಅದರ ನೆಲೆ. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಿಂದ ಇದು ಸ್ಥಾಪನೆಯಾಯಿತು. ತಾಳೆಗರಿಯ ಮತ್ತು ಕಾಗದದ ಹಸ್ತಪ್ರತಿಗಳನ್ನು ಸಂಗ್ರಹಿಸುವುದು, ರಕ್ಷಿಸುವುದು, ಯೋಗ್ಯವಾದವುಗಳನ್ನು ಶೋಧಿಸಿ ಮುದ್ರಿಸುವುದು ಅದರ ಉದ್ದೇಶಗಳಾಗಿದ್ದವು. ಆರಂಭದಲ್ಲಿ ವಿದ್ಯಾಇಲಾಖೆಗೆ ಸೇರಿದ್ದ ಈ ಭಂಡಾರವು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಅಂಗವಾಯಿತು. ಎರಡು ವರ್ಷಗಳ ತರುವಾಯ, ಅಂದರೆ 1918ರಲ್ಲಿ, ಮುದ್ರಿತ ಗ್ರಂಥಗಳಿಗಾಗಿ ವಿಶ್ವವಿದ್ಯಾನಿಲಯದ ಗ್ರಂಥಾಲಯವೂ ಆರಂಭವಾಯಿತು. 1943ರಲ್ಲಿ ಓರಿಯಂಟಲ್ ಲೈಬ್ರರಿಗೆ ಸಂಶೋಧನಾಲಯವೆಂಬ ಈಗಿನ ಹೆಸರು ಬಂದಿತು.

ಕಟ್ಟಡವನ್ನು ಅರಸರು ಕೊಟ್ಟರು, ಹಣವನ್ನು ಸರ್ಕಾರ ಕೊಟ್ಟಿತು. ಆದರೆ ಮೈಸೂರಿನ ಹೆಸರು ಯೂರೋಪಿನ ವಿದ್ವತ್ ಪರಿಷತ್ತುಗಳವರೆಗೆ ಹೋದದ್ದು ಅಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಒಬ್ಬ ಗ್ರಂಥಪಾಲರಿಂದ.

ಒಬ್ಬ ಗ್ರಂಥಪಾಲರು, ಒಂದು ಕಟ್ಟು

ಕಾವೇರಿ ತೀರದ ರುದ್ರಪಟ್ಟಣದಲ್ಲಿ 1868ರಲ್ಲಿ ಜನಿಸಿದ ಆರ್. ಶಾಮಶಾಸ್ತ್ರಿಗಳು ಓರಿಯಂಟಲ್ ಲೈಬ್ರರಿಯ ಗ್ರಂಥಪಾಲರಾಗಿದ್ದರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಆ ಭಂಡಾರಕ್ಕೆ ತಾಳೆಗರಿಯ ಒಂದು ಕಟ್ಟನ್ನು ಒಪ್ಪಿಸಿದ್ದರು. ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯಲ್ಲಿ ಅದು ಇತ್ತು. ಅದನ್ನು ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಶಾಮಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ. ಅಲ್ಲಿಯವರೆಗೆ ಆ ಗ್ರಂಥವನ್ನು ದಂಡಿಯೇ ಮೊದಲಾದ ಕವಿಗಳ, ವ್ಯಾಖ್ಯಾನಕಾರರ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರು ಬಲ್ಲವರಾಗಿದ್ದರು. ಮೂಲವು ನಷ್ಟವಾಯಿತೆಂದೇ ಭಾವಿಸಲಾಗಿತ್ತು.

ಶಾಸ್ತ್ರಿಗಳು ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲಿಷ್ ಅನುವಾದದ ಭಾಗಗಳನ್ನು ನಿಯತಕಾಲಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಪೂರ್ಣ ಅನುವಾದವು ಪುಸ್ತಕರೂಪದಲ್ಲಿ ಹೊರಬಂದಿತು. ಕನ್ನಡನಾಡಿನ ಶಾಸನಗಳ ಅಧ್ಯಯನದಿಂದ ಹೆಸರಾಗಿದ್ದ ಜೆ. ಎಫ್. ಫ್ಲೀಟ್ ಅವರು ಅದಕ್ಕೆ ಪ್ರಸ್ತಾವನೆಯ ಮಾತುಗಳನ್ನು ಬರೆದರು. ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳುಳ್ಳ ಆ ಮಹಾಗ್ರಂಥವು ಪ್ರಾಚೀನ ಭಾರತದ ರಾಜ್ಯಾಡಳಿತ, ತೆರಿಗೆ, ಕೃಷಿ, ವ್ಯಾಪಾರ, ನ್ಯಾಯವ್ಯವಸ್ಥೆಗಳ ವಿಷಯದಲ್ಲಿ ಪ್ರಪಂಚದ ತಿಳಿವಳಿಕೆಯನ್ನೇ ಬದಲಿಸಿತು. ಅನಂತರ ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು, ಜರ್ಮನಿಯ ಯಾಲಿ ಅವರು, ಮುಂಬಯಿಯಲ್ಲಿ ಆರ್. ಪಿ. ಕಾಂಗ್ಲೆ ಅವರು ಅದೇ ಗ್ರಂಥವನ್ನು ಪರಿಷ್ಕರಿಸಿದರು. ಅವರೆಲ್ಲರಿಗೂ ಮೊದಲ ದಾರಿ ತೆರೆದದ್ದು ಮೈಸೂರಿನ ಗ್ರಂಥಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋಗಿದ್ದಾಗ, ಶಾಮಶಾಸ್ತ್ರಿಗಳ ಮೈಸೂರಿನ ಅರಸರು ತಾವೇ ಏನು ಎಂದು ಅಲ್ಲಿನವರು ವಿಚಾರಿಸಿದರೆಂಬ ಕಥೆ ನಮ್ಮ ಊರಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಒಬ್ಬ ಗ್ರಂಥಪಾಲರನ್ನು ಊರು ಎಷ್ಟರಮಟ್ಟಿಗೆ ತನ್ನವರೆಂದು ಹೆಮ್ಮೆಪಟ್ಟಿತೆಂಬುದು ಅದರಿಂದ ತಿಳಿಯುತ್ತದೆ.

ಈ ಘಟನೆಯನ್ನು ಅದೃಷ್ಟವೆಂದು ಹೇಳಿಬಿಡುವುದು ಸುಲಭ. ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಗ್ರಂಥಾಲಯದ ದಿನನಿತ್ಯದ ಕೆಲಸಗಳೇ ಕಾಣುತ್ತವೆ. ಬಂದ ಕಟ್ಟನ್ನು ಸ್ವೀಕರಿಸಿ ಜೋಪಾನ ಮಾಡಲಾಗಿತ್ತು. ಗ್ರಂಥಲಿಪಿಯನ್ನು ಓದಬಲ್ಲವರು ಅಲ್ಲಿ ನೌಕರಿಯಲ್ಲಿದ್ದರು. ಅವರಿಗೆ ಆ ಗ್ರಂಥದ ಹೆಸರನ್ನು ಗುರುತಿಸುವಷ್ಟು ಶಾಸ್ತ್ರಪರಿಚಯವಿತ್ತು. ಓದಿದ್ದನ್ನು ಲೋಕಕ್ಕೆ ತಲುಪಿಸುವಷ್ಟು ಇಂಗ್ಲಿಷ್ ಭಾಷೆಯೂ ಬಂದಿತ್ತು. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ಆ ಕಟ್ಟು ಬೀರುವಿನಲ್ಲಿಯೇ ಉಳಿಯುತ್ತಿತ್ತು. ಗ್ರಂಥವು ಭಂಡಾರಕ್ಕೆ ಬಂದು ಸೇರಿದ್ದು ಅರ್ಧ ಕಾರ್ಯ. ಅದನ್ನು ಬಲ್ಲವರು ಅಲ್ಲಿದ್ದುದು ಉಳಿದರ್ಧ.

ಮತ್ತೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಇಂತಹ ಅಮೂಲ್ಯ ಗ್ರಂಥವನ್ನು ತಂದುಕೊಟ್ಟವರನ್ನು ಲೋಕವು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರೆಂದಷ್ಟೇ ಬಲ್ಲದು. ಮುದ್ರಿತ ಗ್ರಂಥದಲ್ಲಿ ಅವರ ಪರಿಚಯವಾಗಿ ನಿಂತಿರುವುದು ಅಷ್ಟೇ. ಅವರ ಮನೆತನ ಯಾವುದು, ಆ ಕಟ್ಟು ಅವರ ಮನೆಗೆ ಯಾರಿಂದ ಬಂದಿತು ಎಂಬ ಒಂದೆರಡು ಸಾಲುಗಳು ಅದರ ಜೊತೆಯಲ್ಲಿ ಬಂದಿದ್ದರೆ, ಆ ಪ್ರತಿಯ ಪೂರ್ವಚರಿತ್ರೆಯನ್ನು ಅರಿಯಲು ಅವು ದಾರಿಯಾಗುತ್ತಿದ್ದವು. ಗ್ರಂಥಾಲಯದ ದಾಖಲೆಯಲ್ಲಿ ಬರೆಯುವ ಒಂದು ಸಾಲಿಗೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಣ್ಣಿಗೆ ಕಾಣದ ಕಾಯಕ

ಗ್ರಂಥಾಲಯದ ನೌಕರರೆಂದರೆ ಕೇಳಿದ ಪುಸ್ತಕವನ್ನು ಎತ್ತಿಕೊಡುವವರು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಅಲ್ಲಿನ ಕೆಲಸಗಳನ್ನು ಅನುಕ್ರಮವಾಗಿ ತಿಳಿದುಕೊಂಡರೆ ಈ ಭಾವನೆ ಉಳಿಯಲಾರದು.

ಒಂದು ಪುಸ್ತಕ ಬಂದೊಡನೆ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಕ್ರಮಸಂಖ್ಯೆ ದೊರೆಯುತ್ತದೆ. ಅಂದಿನಿಂದ ಅದು ಸಂಸ್ಥೆಯ ಆಸ್ತಿ. ಬಳಿಕ ವರ್ಗೀಕರಣ, ಅಂದರೆ ಪುಸ್ತಕದ ವಿಷಯವನ್ನು ನಿಶ್ಚಯಿಸಿ ಅದಕ್ಕೆ ತಕ್ಕ ಸಂಖ್ಯೆಯನ್ನು ಕೊಡುವುದು. ವಚನಗಳನ್ನು ಕುರಿತ ಒಂದು ಪುಸ್ತಕವು ಸಾಹಿತ್ಯಕ್ಕೆ ಸೇರಬೇಕೋ, ಧರ್ಮಕ್ಕೆ ಸೇರಬೇಕೋ, ಸಮಾಜಶಾಸ್ತ್ರಕ್ಕೆ ಸೇರಬೇಕೋ ಎಂಬುದನ್ನು ಅದರ ಒಳಹೊಕ್ಕು ನೋಡದೆ ಹೇಳಲಾಗದು. ತಪ್ಪು ಸಂಖ್ಯೆ ಬಿದ್ದ ಪುಸ್ತಕವು ಇದ್ದೂ ಇಲ್ಲದಂತೆ. ಅನಂತರ ಸೂಚೀಕರಣ. ಕರ್ತೃವಿನ ಹೆಸರಿನಿಂದಲೂ, ಗ್ರಂಥದ ಹೆಸರಿನಿಂದಲೂ, ವಿಷಯದಿಂದಲೂ ಹುಡುಕಿದವರಿಗೆ ಅದು ಸಿಗುವಂತೆ ಮಾಡುವುದು. ಕನ್ನಡ ಗ್ರಂಥಗಳಲ್ಲಿ ಇದು ಇನ್ನೂ ಕಷ್ಟ. ಒಬ್ಬರೇ ಲೇಖಕರು ಒಂದು ಕಡೆ ಊರಿನ ಹೆಸರಿನೊಡನೆ, ಮತ್ತೊಂದು ಕಡೆ ಕಾವ್ಯನಾಮದಿಂದ, ಇನ್ನೊಂದು ಕಡೆ ಮೊದಲಕ್ಷರಗಳೊಡನೆ ಕಾಣಿಸಿಕೊಳ್ಳುತ್ತಾರೆ. ಈ ಮೂವರೂ ಒಬ್ಬರೇ ಎಂಬುದನ್ನು ಬಲ್ಲವರು ಸೂಚೀಕರಣ ವಿಭಾಗದಲ್ಲಿರಬೇಕು. ಹರಿದ ಪುಸ್ತಕಗಳನ್ನು ಗುರುತಿಸಿ ರಟ್ಟು ಕಟ್ಟಿಸುವುದು, ನಿಯತಕಾಲಿಕೆಗಳ ಬಾರದ ಸಂಚಿಕೆಗಳಿಗಾಗಿ ಪತ್ರ ಬರೆಯುವುದು, ಸಂಜೆಯ ವೇಳೆಗೆ ಮೇಜಿನ ಮೇಲೆ ಚೆಲ್ಲಿಹೋದ ಪುಸ್ತಕಗಳನ್ನು ಅವುಗಳ ಸ್ವಸ್ಥಾನಕ್ಕೆ ಸೇರಿಸುವುದು, ಇವೆಲ್ಲವೂ ಅನುದಿನದ ಕಾರ್ಯಗಳು. ಪುಸ್ತಕವನ್ನು ಅದರ ಜಾಗದಲ್ಲಿ ಇರಿಸುವ ಅಟೆಂಡರ್ ತಪ್ಪಿದರೆ ಗ್ರಂಥಪಾಲರ ಪಾಂಡಿತ್ಯವೆಲ್ಲ ನಿಷ್ಫಲ.

ಈ ವೃತ್ತಿಗೆ ಶಾಸ್ತ್ರದ ಸ್ಥಾನವನ್ನು ತಂದುಕೊಟ್ಟವರು ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಮೊದಲಲ್ಲಿ ಆ ಕೆಲಸ ಅವರಿಗೆ ಬೇಸರವನ್ನುಂಟುಮಾಡಿ, ಅಧ್ಯಾಪಕ ವೃತ್ತಿಗೆ ಮರಳಲು ಬಯಸಿದ್ದರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳು ಜನರ ಬದುಕಿನೊಡನೆ ಬೆರೆತಿದ್ದ ರೀತಿಯನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಜಗತ್ತಿನಾದ್ಯಂತ ಈ ವಿದ್ಯೆಯ ಮೊದಲ ಪಾಠಗಳಾಗಿವೆ. ಓದುಗನ ಕಾಲಕ್ಕೆ ಬೆಲೆ ಕೊಡಬೇಕೆಂಬ ತತ್ತ್ವವೂ ಅವುಗಳಲ್ಲಿ ಸೇರಿದೆ. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಅವರ ನೇತೃತ್ವದಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಆರಂಭವಾಯಿತು. 1972ರಲ್ಲಿ ಅವರು ಕಾಲವಾದದ್ದೂ ಆ ಊರಿನಲ್ಲಿಯೇ. ಆಗಸ್ಟ್ 12ರಂದು ಅವರ ಜನ್ಮದಿನವನ್ನು ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತಿದೆ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಸಮಾಜ ನಮ್ಮದು. ಆ ನಂಬಿಕೆಯ ಕಣ್ಣಿನಿಂದ ನೋಡಿದರೆ ಗ್ರಂಥಾಲಯದ ಧೂಳನ್ನು ಒರೆಸುವವರಿಂದ ಮೊದಲ್ಗೊಂಡು ಮುಖ್ಯ ಗ್ರಂಥಪಾಲರವರೆಗೆ ಎಲ್ಲರೂ ಒಂದೇ ಜ್ಞಾನದಾಸೋಹದ ಪಂಕ್ತಿಯಲ್ಲಿ ಬಡಿಸುವವರು. ಉಣ್ಣುವವರು ಬಡಿಸುವವರ ಹೆಸರನ್ನು ಕೇಳುವುದಿಲ್ಲ, ಅಷ್ಟೇ.

ನಿವೃತ್ತಿಯೊಡನೆ ಹೋಗುವುದೇನು

ನಮ್ಮ ವಿದ್ಯಾರ್ಥಿದೆಸೆಯಲ್ಲಿ ಮಠವೊಂದರ ಹಳೆಯ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ವೃದ್ಧರೊಬ್ಬರಿದ್ದರು. ಅವರು ದೊಡ್ಡ ಪಂಡಿತರಲ್ಲ. ಆದರೆ ಯಾವ ಗ್ರಂಥವನ್ನು ಕೇಳಿದರೂ, ಸುತ್ತಿದ್ದ ವಸ್ತ್ರದ ಬಣ್ಣದಿಂದ, ಹಲಗೆಯ ಅಂಚಿನ ಗುರುತಿನಿಂದ, ದಾರದ ಗಂಟಿನಿಂದ ಕಟ್ಟನ್ನು ಗುರುತಿಸಿ ಕ್ಷಣಮಾತ್ರದಲ್ಲಿ ತಂದಿಡುತ್ತಿದ್ದರು. ಇಂತಹ ಕಾವ್ಯದ ನಡುವಿನ ಗರಿಗಳು ಇನ್ನೊಂದು ಕಟ್ಟಿನಲ್ಲಿ ಸೇರಿಹೋಗಿವೆ ಎಂಬುದೂ ಅವರಿಗೆ ಗೊತ್ತಿತ್ತು. ಅವರು ಲಿಂಗೈಕ್ಯರಾದ ಮೇಲೆ ಯಾರೋ ಭಕ್ತಿಯಿಂದ ಎಲ್ಲ ಕಟ್ಟುಗಳಿಗೂ ಒಂದೇ ಬಣ್ಣದ ಹೊಸ ವಸ್ತ್ರವನ್ನು ಹೊದಿಸಿದರು. ಭಂಡಾರ ನೋಡಲು ಬಹಳ ಅಂದವಾಯಿತು. ಗ್ರಂಥವನ್ನು ಹುಡುಕುವುದು ಮಾತ್ರ ಯಾರಿಂದಲೂ ಸಾಧ್ಯವಾಗಲಿಲ್ಲ.

ಹಸ್ತಪ್ರತಿ ಭಂಡಾರಗಳಲ್ಲಿ ಈ ಅಪಾಯ ಹೆಚ್ಚು. ಮುದ್ರಿತ ಪುಸ್ತಕಕ್ಕೆ ಹೆಸರು ಮುಖಪುಟದ ಮೇಲಿರುತ್ತದೆ. ತಾಳೆಗರಿಯ ಕಟ್ಟಿಗೆ ಮುಖಪುಟವಿಲ್ಲ. ಗ್ರಂಥದ ಹೆಸರು, ಬರೆದವರ ಹೆಸರು, ಪ್ರತಿ ಮಾಡಿದ ಕಾಲ ಇವೆಲ್ಲ ಕೊನೆಯ ಗರಿಯಲ್ಲಿ ದೊರೆತರೆ ದೊರೆಯಿತು. ಆ ಗರಿ ಮುರಿದುಹೋಗಿದ್ದರೆ ಒಳಗಿನ ಪಾಠವನ್ನು ಓದಿಯೇ ಗ್ರಂಥವನ್ನು ಗುರುತಿಸಬೇಕು. ಕನ್ನಡ, ತೆಲುಗು, ಗ್ರಂಥ, ನಂದಿನಾಗರಿ, ತಿಗಳಾರಿ ಎಂದು ಲಿಪಿಗಳು ಹಲವು. ಕನ್ನಡ ಲಿಪಿಯೇ ಆದರೂ ಪದಪದಗಳ ನಡುವೆ ಅಂತರವಿಲ್ಲದೆ, ಹಳೆಯ ಅಕ್ಷರರೂಪಗಳಲ್ಲಿ ಬರೆದುದನ್ನು ಇಂದಿನ ಪದವೀಧರರು ಒಮ್ಮೆಲೇ ಓದಲಾರರು. ಈ ಓದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು, ಗರಿಯಿಂದ ಗರಿಗೆ ಬೆರಳು ಸರಿಸುತ್ತಾ ವರ್ಷಗಟ್ಟಲೆ ಕಲಿಯಬೇಕಾದದ್ದು.

ಆದ್ದರಿಂದಲೇ ನಿವೃತ್ತಿಯ ಪ್ರಕಟಣೆಯಲ್ಲಿ ಬರುವ ಪ್ರಭಾರ ಎಂಬ ಪದವನ್ನು ಗಮನವಿಟ್ಟು ಓದಬೇಕು. ಆ ಹುದ್ದೆಗೆ ಹೊಸಬರು ನೇಮಕಗೊಂಡಿದ್ದಾರೆಯೇ, ಅಥವಾ ಮತ್ತೊಂದು ವಿಭಾಗದವರು ತಮ್ಮ ಕೆಲಸದ ಜೊತೆಗೆ ಇದರ ಹೆಚ್ಚುವರಿ ಪ್ರಭಾರವನ್ನೂ ಹೊತ್ತಿದ್ದಾರೆಯೇ? ಹೆಚ್ಚುವರಿ ಪ್ರಭಾರದಲ್ಲಿ ಬೀಗ ತೆರೆಯುತ್ತದೆ, ಹಾಜರಿ ನಡೆಯುತ್ತದೆ, ಕಡತಗಳಿಗೆ ಸಹಿ ಬೀಳುತ್ತದೆ. ಲಿಪಿಯನ್ನು ಕಲಿಯಲು ಅವರಿಗೆ ಬಿಡುವು ಇರುವುದಿಲ್ಲ. ಹೊಸಬರು ಹಳಬರ ನಿವೃತ್ತಿಗೆ ಎರಡು ಮೂರು ವರ್ಷ ಮೊದಲೇ ಬಂದು ಸೇರಿದರೆ ವಿದ್ಯೆ ಕೈಯಿಂದ ಕೈಗೆ ಸಾಗುತ್ತದೆ. ಹಳಬರು ಹೋದ ಬಳಿಕ ವರ್ಷಗಳು ಕಳೆದು ಬಂದರೆ ಅವರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮಠಗಳಲ್ಲಿ ಮರಿಗಳನ್ನು ಎಳೆಯ ವಯಸ್ಸಿನಲ್ಲಿಯೇ ಆಯ್ದು ಹಿರಿಯರ ಸನ್ನಿಧಿಯಲ್ಲಿ ಬೆಳೆಸುವ ಪದ್ಧತಿ ಇರುವುದು ಇದೇ ಕಾರಣಕ್ಕೆ. ಪೀಠ ಬರಿದಾದ ಮೇಲೆ ಹುಡುಕತೊಡಗಿದರೆ ಪರಂಪರೆ ನಿಲ್ಲುವುದಿಲ್ಲವೆಂಬ ಸತ್ಯವನ್ನು ನಮ್ಮ ಹಿರಿಯರು ಅರಿತಿದ್ದರು.

ನೆನಪನ್ನು ಬರೆದಿಡುವ ಬಗೆ

ವ್ಯಕ್ತಿಯ ನೆನಪಿನಲ್ಲಿರುವುದನ್ನು ಸಂಸ್ಥೆಯ ನೆನಪಾಗಿ ಮಾರ್ಪಡಿಸುವ ಸಾಧನವೊಂದಿದೆ. ಅದೇ ವಿವರಣಾತ್ಮಕ ಸೂಚಿ. ಪ್ರತಿಯೊಂದು ಹಸ್ತಪ್ರತಿಯ ಹೆಸರು, ಲಿಪಿ, ಗರಿಗಳ ಸಂಖ್ಯೆ, ಅಳತೆ, ಆದಿ ಅಂತ್ಯಗಳು, ಪೂರ್ಣವೋ ಅಪೂರ್ಣವೋ ಎಂಬ ಸ್ಥಿತಿ ಇವೆಲ್ಲವನ್ನೂ ದಾಖಲಿಸಿ ಮುದ್ರಿಸುವುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಡಾ. ಜಿ. ಮರುಳಸಿದ್ಧಯ್ಯನವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1970ರ ದಶಕದ ಕೊನೆಯಿಂದ, ವಿದ್ವಾಂಸರಾದ ಎಚ್. ಪಿ. ಮಲ್ಲೇದೇವರು ಅವರ ಸಂಪಾದಕತ್ವದಲ್ಲಿ ಸಂಸ್ಕೃತ ಹಸ್ತಪ್ರತಿಗಳ ಇಂತಹ ಸೂಚಿಗಳು ಸಂಪುಟಗಳಾಗಿ ಹೊರಬರತೊಡಗಿದವು. ಇಂತಹ ಸಂಪುಟವು ಮನೆಮನೆಯಲ್ಲಿ ಓದುವ ಪುಸ್ತಕವಲ್ಲ. ಯಾವ ಪ್ರಶಸ್ತಿಯೂ ಅದನ್ನು ಅರಸಿ ಬರುವುದಿಲ್ಲ. ಆದರೆ ಒಂದು ಸಂಪುಟದ ಹಿಂದೆ ಸಾವಿರಾರು ಕಟ್ಟುಗಳನ್ನು ಬಿಚ್ಚಿ, ಓದಿ, ಮತ್ತೆ ಕಟ್ಟಿದ ಸಿಬ್ಬಂದಿಯ ಶ್ರಮವಿರುತ್ತದೆ. ಅದನ್ನು ಮಾಡಿದವರು ನಿವೃತ್ತರಾದರೂ ಅವರು ಅರಿತದ್ದು ಉಳಿಯುತ್ತದೆ.

ಕನ್ನಡ ಹಸ್ತಪ್ರತಿಗಳ ಸಂಗ್ರಹವನ್ನು ಇಂದು ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಕಾಣಬಹುದು. ವಚನ ಸಾಹಿತ್ಯದ ಶಾಸ್ತ್ರೀಯ ಸಂಪಾದನೆಗೆ ಇಂತಹ ಭಂಡಾರಗಳೇ ಆಧಾರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಡಾ. ಎಲ್. ಬಸವರಾಜು ಅವರು 1960ರಲ್ಲಿ ಅಲ್ಲಮನ ವಚನಚಂದ್ರಿಕೆಯನ್ನು ಹೊರತಂದರು. ಒಂದೇ ವಚನ ಹಲವು ಕಟ್ಟುಗಳಲ್ಲಿ ಹಲವು ರೂಪಗಳಲ್ಲಿ ದೊರೆಯುವಾಗ ಅವುಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದು ಸಂಪಾದಕರ ಹೊಣೆ. ಆ ಕಟ್ಟುಗಳು ಎಲ್ಲಿವೆ ಎಂದು ತಿಳಿಸಿ, ಹುಡುಕಿ ಮುಂದಿಡುವುದು ಭಂಡಾರದವರ ಹೊಣೆ. ಇಂದು ನಾವು ಪ್ರಾರ್ಥನೆಯ ವೇಳೆಯಲ್ಲಿ ಅಚ್ಚಿನ ಪುಸ್ತಕದಿಂದ ಓದುವ ವಚನಗಳ ಹಿಂದೆ ಹೆಸರಿಲ್ಲದ ಎಷ್ಟೋ ಭಂಡಾರಿಗಳ ಕೈಗಳಿವೆ.

ನಮ್ಮ ಮನೆಗಳ ಅಟ್ಟದಲ್ಲಿ

ವಚನಗಳ ಕಟ್ಟುಗಳು ಭಂಡಾರಗಳಿಗೆ ಬರುವ ಮೊದಲು ಇದ್ದದ್ದು ಮಠಗಳಲ್ಲಿ ಮತ್ತು ಭಕ್ತರ ಮನೆಗಳಲ್ಲಿ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ವೃತ್ತಿ ಮಾಡುತ್ತಾ ಊರೂರು ಅಲೆದು ಇಂತಹ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದ ಅವರ ತ್ಯಾಗ ನಮ್ಮ ವಾಚಕರಿಗೆ ಹೊಸದಲ್ಲ. ಅವರು ಬಾಗಿಲು ತಟ್ಟಿದ ಮನೆಗಳಲ್ಲಿ ಆ ಕಟ್ಟುಗಳು ಉಳಿದುಕೊಂಡಿದ್ದುದರಿಂದ ಅವು ದೊರೆತವು. ಅವರು ತಲುಪಲಾರದ ಮನೆಗಳಲ್ಲಿ ಉಳಿದವು ಏನಾದವೆಂಬುದನ್ನು ಊಹಿಸಬಹುದು. ಗೆದ್ದಲು ಹಿಡಿದವು ಕೆಲವು, ಓದಲು ಬಾರದವೆಂದು ಹೊಳೆಗೆ ಬಿಟ್ಟವು ಕೆಲವು.

ಇಂದಿಗೂ ಹಳೆಯ ಮನೆತನಗಳ ಅಟ್ಟದಲ್ಲಿಯೋ ಪೂಜಾಗೃಹದಲ್ಲಿಯೋ ಒಂದೆರಡು ಕಟ್ಟುಗಳಿರಬಹುದು. ಅಂತಹ ಗೃಹಸ್ಥರಲ್ಲಿ ಕೆಲವು ವಿಜ್ಞಾಪನೆಗಳು:

ಕಟ್ಟಿಗೆ ನೀರನ್ನು ಪ್ರೋಕ್ಷಿಸುವುದಾಗಲಿ, ಗರಿಗಳ ಮೇಲೆ ವಿಭೂತಿ, ಅರಿಶಿನ, ಗಂಧಗಳನ್ನು ಲೇಪಿಸುವುದಾಗಲಿ ಬೇಡ. ಹೊದಿಸಿದ ವಸ್ತ್ರಕ್ಕೆ ಹೂವೇರಿಸಿ ಕೈಮುಗಿದರೆ ಸಾಕು. ಆ ಹೂವನ್ನೂ ಅಂದೇ ತೆಗೆದುಬಿಡುವುದು ಒಳಿತು. ಒಣಗಿದ ಗರಿಗಳಿಗೆ ಭಂಡಾರಗಳಲ್ಲಿ ನಿಂಬೆಹುಲ್ಲಿನ ತೈಲವನ್ನು ಹದವರಿತು ಸವರುತ್ತಾರೆ, ಮಾಸಿದ ಅಕ್ಷರಗಳು ಕಾಣುವಂತೆ ಕಾಡಿಗೆಯನ್ನು ಉಜ್ಜುತ್ತಾರೆ. ಇದನ್ನು ಬಲ್ಲವರೇ ಮಾಡಬೇಕು. ಅಡುಗೆಮನೆಯ ಎಣ್ಣೆಯನ್ನು ಹಚ್ಚಿದರೆ ಧೂಳು ಮತ್ತು ಹುಳುಗಳು ಬರುತ್ತವೆ.

ಗರಿಗಳು ಹಿಂದುಮುಂದಾಗಿವೆಯೆಂದು ತೋರಿದರೂ ನೀವೇ ಜೋಡಿಸಲು ಹೋಗಬೇಡಿ. ಮುರಿದ ತುಂಡುಗಳನ್ನು ಎಸೆಯಬೇಡಿ. ಗ್ರಂಥದ ಹೆಸರು ಆ ತುಂಡಿನಲ್ಲಿಯೇ ಇರಬಹುದು.

ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗದವರನ್ನು ಕಂಡು ಗ್ರಂಥವು ಯಾವುದೆಂದು ಓದಿಸಿಕೊಳ್ಳಿ. ಒಪ್ಪಿಸಲು ಮನಸ್ಸಿದ್ದರೆ ಸ್ವೀಕೃತಿ ಪತ್ರವನ್ನು ಪಡೆಯಿರಿ. ಒಪ್ಪಿಸಲು ಮನಸ್ಸಿಲ್ಲದಿದ್ದರೆ ಛಾಯಾಪ್ರತಿ ತೆಗೆಯಲಾದರೂ ಅನುವು ಮಾಡಿಕೊಡಿ. ಯಾವುದೇ ಆಗಲಿ, ಕಟ್ಟಿನ ಜೊತೆಗೆ ಒಂದು ಹಾಳೆಯಲ್ಲಿ ನಿಮ್ಮ ಮನೆತನದ ಹೆಸರು, ಊರು, ಅದು ಯಾರಿಂದ ಬಂದಿತು ಎಂಬ ವಿವರವನ್ನು ಬರೆದು ಕೊಡಿ. ತಂಜಾವೂರಿನ ಪಂಡಿತರ ವಿಷಯವನ್ನು ಇಲ್ಲಿ ಸ್ಮರಿಸಿಕೊಳ್ಳುವುದು.

ಯಂತ್ರ ಬಂದರೆ ಸಾಲದು

ಈಗ ಎಲ್ಲವೂ ಗಣಕಯಂತ್ರಕ್ಕೆ ಸೇರುತ್ತಿರುವಾಗ ಇಷ್ಟು ಜನ ಸಿಬ್ಬಂದಿ ಏಕೆ ಎಂಬ ಪ್ರಶ್ನೆ ಸಹಜ. ಕೇಂದ್ರ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆಗಾಗಿ ಜ್ಞಾನಭಾರತಂ ಯೋಜನೆಯನ್ನು ಘೋಷಿಸಿತು. ಇವು ಸ್ವಾಗತಾರ್ಹ ಕಾರ್ಯಗಳು. ಛಾಯಾಚಿತ್ರಗಳಿಂದ ಗರಿಗಳ ಸವೆತ ತಪ್ಪುತ್ತದೆ, ದೂರದ ವಿದ್ವಾಂಸರಿಗೂ ಗ್ರಂಥ ದೊರೆಯುತ್ತದೆ. ಆದರೆ ಚಿತ್ರ ತೆಗೆಯುವ ಮೊದಲು ಗರಿಗಳನ್ನು ಅನುಕ್ರಮದಲ್ಲಿ ಇಡುವವರು ಬೇಕು. ಚಿತ್ರಕ್ಕೆ ಹೆಸರು ಕೊಡಲು ಅದನ್ನು ಓದಬಲ್ಲವರು ಬೇಕು. ಹೆಸರು ತಪ್ಪಾಗಿ ಬಿದ್ದ ಚಿತ್ರವು ತಪ್ಪು ಬೀರುವಿನಲ್ಲಿಟ್ಟ ಕಟ್ಟಿಗಿಂತ ಉತ್ತಮವೇನೂ ಅಲ್ಲ. ಯಂತ್ರವು ಅಕ್ಷರವನ್ನು ಉಳಿಸಬಲ್ಲದು. ಅಕ್ಷರವನ್ನು ಅರಿತವರನ್ನು ಉಳಿಸಿಕೊಳ್ಳುವುದು ಸಮಾಜದ ಮತ್ತು ಸರ್ಕಾರದ ಹೊಣೆ.

ಕಡೆಯದಾಗಿ ತಂದೆತಾಯಿಗಳಲ್ಲಿ ಒಂದು ಮಾತು. ಮಕ್ಕಳು ಇಂಜಿನಿಯರ್, ಡಾಕ್ಟರ್ ಆಗಲೆಂದು ಹಾರೈಸುವುದು ತಪ್ಪಲ್ಲ. ಓದಿನಲ್ಲಿ ಆಸಕ್ತಿ, ಹಳೆಯದರಲ್ಲಿ ಗೌರವ, ಒಂದೇ ಕಡೆ ಕುಳಿತು ಕೆಲಸ ಮಾಡುವ ತಾಳ್ಮೆ ಇರುವ ಮಗಳೋ ಮಗನೋ ನಿಮ್ಮ ಮನೆಯಲ್ಲಿದ್ದರೆ ಗ್ರಂಥಾಲಯ ವಿಜ್ಞಾನವನ್ನೂ ಪರಿಗಣಿಸಿರಿ. ಯಾವ ವಿಷಯದಲ್ಲಿ ಪದವಿ ಪಡೆದವರಾದರೂ ಈ ವಿದ್ಯೆಯನ್ನು ಕಲಿಯಬಹುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಅದರ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಜೊತೆಗೆ ಹಳೆಗನ್ನಡವನ್ನೋ ಸಂಸ್ಕೃತವನ್ನೋ, ಹಳೆಯ ಲಿಪಿಯೊಂದನ್ನೋ ಅಭ್ಯಾಸ ಮಾಡಿದವರು ಇಂದು ಬಹಳ ಕಡಿಮೆ. ಅವರಿಂದ ಆಗಬೇಕಾದ ಕೆಲಸವೋ ಬೆಟ್ಟದಷ್ಟಿದೆ.

ಮುಂದೆ ಗ್ರಂಥಾಲಯಕ್ಕೆ ಹೋದಾಗ ಸೂಚನಾ ಫಲಕದ ಆ ಮೂಲೆಯ ಸಾಲುಗಳನ್ನೂ ಓದಿರಿ. ನಿವೃತ್ತರಾಗುತ್ತಿರುವವರ ಹೆಸರು ಕಂಡರೆ ಒಳಗೆ ಹೋಗಿ ಅವರಿಗೆ ಶರಣು ಹೇಳಿರಿ. ಅವರ ಜಾಗಕ್ಕೆ ಬರುವವರು ಯಾರೆಂದು ವಿಚಾರಿಸಿರಿ. ಯಾರೂ ಇಲ್ಲವೆಂದು ಉತ್ತರ ಬಂದರೆ ಸಂಬಂಧಿಸಿದವರಿಗೆ ಒಂದು ಪತ್ರವನ್ನಾದರೂ ಬರೆಯಿರಿ. ಶಾಲೆಗೆ ಅಧ್ಯಾಪಕರಿಲ್ಲದಿದ್ದರೆ ನಾವು ಕೇಳುತ್ತೇವೆ, ಆಸ್ಪತ್ರೆಗೆ ವೈದ್ಯರಿಲ್ಲದಿದ್ದರೆ ಕೇಳುತ್ತೇವೆ. ಗ್ರಂಥಭಂಡಾರಕ್ಕೆ ಭಂಡಾರಿಯಿಲ್ಲದಿದ್ದರೂ ಕೇಳುವವರು ಬೇಕಲ್ಲವೆ?